ಥೇಮ್ಸ್ ದಡದ ಕತ್ತಲೆ, ಜಾವಗಲ್ಲಿನ ಧನುರ್ಮಾಸ

ಜಾವಗಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಬಹುಪಾಲು ಕನ್ನಡಿಗರಿಗೆ ನೆನಪಾಗುವುದು ವೇಗದ ಬೌಲರ್ ಶ್ರೀನಾಥ್. ಅರಸೀಕೆರೆ ತಾಲ್ಲೂಕಿನ ಈ ಊರಿನ ಹೆಸರನ್ನು ಅವರು ಕ್ರಿಕೆಟ್ ಆಡುವ ದೇಶಗಳಿಗೆಲ್ಲ ಕೊಂಡೊಯ್ದರು. 1996ರ ಜೂನ್‌ನಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತ ಟೆಸ್ಟ್ ಆಡಿದಾಗ ತಂಡದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್, ಹೀಗೆ ನಾಲ್ವರು ಕರ್ನಾಟಕದವರಿದ್ದರು. ಟಿ.ವಿ.ಯಲ್ಲಿ ಕಂಡ ಆ ಲಂಡನ್ ಹಸಿರು ಹುಲ್ಲಿನ ನಗರ, ಸಂಜೆಯಾದರೂ ಬೆಳಕು ಆರದ ನಗರ. ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ ದಾಟಿದ ಮೇಲೆ.

ಅದೇ ನಗರಕ್ಕೆ ಡಿಸೆಂಬರಿನಲ್ಲಿ ಹೋದವರು ಕಾಣುವುದು ಬೇರೊಂದು ಊರನ್ನೇ. ಕಳೆದ ಎರಡು ಮೂರು ದಶಕಗಳಲ್ಲಿ ಹಾಸನ ಸೀಮೆಯ ಸಣ್ಣ ಊರುಗಳಿಂದಲೂ ಮಕ್ಕಳು ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದಾರೆ. ಮೊಮ್ಮಕ್ಕಳಿಗೆ ಶಾಲೆಯ ರಜೆ, ಮಗನಿಗೋ ಸೊಸೆಗೋ ಕಚೇರಿಯ ರಜೆ ಒಟ್ಟಿಗೆ ಕೂಡಿಬರುವುದು ಕ್ರಿಸ್‌ಮಸ್‌ನ ಎರಡು ವಾರಗಳಲ್ಲಿ. ಹೀಗಾಗಿ ‘ಈ ಸಲ ಡಿಸೆಂಬರಿಗೇ ಬನ್ನಿ’ ಎಂದು ಊರಿನಲ್ಲಿರುವ ತಂದೆ ತಾಯಿಗೆ ಕರೆ ಬರುತ್ತದೆ. ಹೊರಟವರು ಸ್ವೆಟರು, ಮಫ್ಲರು, ಚಟ್ನಿಪುಡಿಗಳನ್ನು ಕಟ್ಟಿಕೊಳ್ಳುತ್ತಾರೆ. ಆದರೆ ಅಲ್ಲಿ ಅವರನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಕತ್ತಲೆ.

ಬೆಳಕಿನ ಲೆಕ್ಕ

ಜಾವಗಲ್ಲಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾದಾಗ ಚಳಿಗಾಲದ ಲಂಡನ್ನಿನಲ್ಲಿ ಬೆಳಗಿನ 7 ಗಂಟೆ. ಆ ಹೊತ್ತಿಗೆ ಫೋನು ಮಾಡಿ, ‘ಏನಪ್ಪಾ, ಬೆಳಗಾಯ್ತಾ?’ ಎಂದು ತಾಯಿ ಕೇಳಿದರೆ, ‘ಇನ್ನೂ ಕತ್ತಲೇನಮ್ಮ’ ಎಂಬುದೇ ಮಗನ ಉತ್ತರ. ಡಿಸೆಂಬರ್ 21ರ ಸುಮಾರಿಗೆ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು 8 ಗಂಟೆ ದಾಟಿದ ಮೇಲೆ, ಮುಳುಗುವುದು 4 ಗಂಟೆಗೆ ಮುಂಚೆಯೇ. ಹಗಲು 8 ಗಂಟೆಯೂ ತುಂಬುವುದಿಲ್ಲ. ಜಾವಗಲ್ಲಿನಲ್ಲಿ ಅದೇ ದಿನದ ಹಗಲು 11 ಗಂಟೆಗೂ ಹೆಚ್ಚು.

ಕಾರಣ ಭೂಮಿಯ ಬಾಗು. ಭೂಮಿಯ ಅಕ್ಷ ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದ್ದು, ಡಿಸೆಂಬರಿನಲ್ಲಿ ಉತ್ತರಾರ್ಧ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಸಮಭಾಜಕದಿಂದ 13 ಡಿಗ್ರಿ ಉತ್ತರದಲ್ಲಿರುವ ನಮ್ಮ ಸೀಮೆಗೆ ಇದರಿಂದಾಗುವ ನಷ್ಟ ಅಲ್ಪ. ಐವತ್ತೊಂದೂವರೆ ಡಿಗ್ರಿಯಲ್ಲಿರುವ ಲಂಡನ್ನಿಗೆ ಅದು ದೊಡ್ಡ ಪೆಟ್ಟು. ಅಲ್ಲಿ ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿರುತ್ತಾನೆ. ಮಧ್ಯಾಹ್ನ 12ಕ್ಕೆ ಬೀಳುವ ನೆರಳು, ನಮ್ಮೂರಿನ ಇಳಿಹೊತ್ತಿನ ನೆರಳಿನಷ್ಟು ಉದ್ದ.

ಹಿಮದ ಬಗ್ಗೆ ನಮ್ಮಲ್ಲಿರುವ ಕಲ್ಪನೆಯೂ ಶುಭಾಶಯ ಪತ್ರಗಳಿಂದ ಬಂದದ್ದು. ಲಂಡನ್ನಿನ ಡಿಸೆಂಬರಿನಲ್ಲಿ ಹಿಮ ಬೀಳುವುದು ಅಪರೂಪ, ಜಿಟಿಜಿಟಿ ಮಳೆ ಸಾಮಾನ್ಯ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಗಾಳಿ ಆ ನಗರವನ್ನು ಅದೇ ಅಕ್ಷಾಂಶದ ಎಷ್ಟೋ ಊರುಗಳಿಗಿಂತ ಬೆಚ್ಚಗಿಡುತ್ತದೆ. ಹಿಂದೆ ಥೇಮ್ಸ್ ನದಿಯೇ ಹೆಪ್ಪುಗಟ್ಟಿ, ಅದರ ಮೇಲೆ ಜಾತ್ರೆ ನಡೆಯುತ್ತಿದ್ದುದುಂಟು. ಅಂಥ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ. ಕಿರಿದಾದ ಕಮಾನುಗಳಿಂದ ನೀರಿನ ಓಟವನ್ನು ತಡೆಯುತ್ತಿದ್ದ ಹಳೆಯ ಲಂಡನ್ ಸೇತುವೆಯನ್ನು 1831ರಲ್ಲಿ ಕೆಡವಲು ಆರಂಭಿಸಿದ ಮೇಲೆ ನದಿ ಹಾಗೆ ಹೆಪ್ಪುಗಟ್ಟಿದ್ದಿಲ್ಲ.

ಸೂರ್ಯ ಹೊರಳುವ ದಿನ

ಇಷ್ಟು ಕತ್ತಲೆಯ ನಾಡಿನಲ್ಲಿ ವರ್ಷದ ದೊಡ್ಡ ಹಬ್ಬ ಕತ್ತಲೆಯ ತಿಂಗಳಲ್ಲೇ ಬರುವುದರ ಹಿಂದೆ ಸೂರ್ಯನ ಲೆಕ್ಕವೂ ಸೇರಿಕೊಂಡಿದೆ. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 25 ಎಂದರೆ ಸೂರ್ಯ ಉತ್ತರಕ್ಕೆ ಹೊರಳುವ ದಿನ. ಯೇಸುವಿನ ಜನನವನ್ನು ಆ ದಿನಕ್ಕೆ ಹೊಂದಿಸಿದ ಸ್ಪಷ್ಟ ದಾಖಲೆ ಸಿಗುವುದು ಕ್ರಿ.ಶ. 354ರ ಒಂದು ರೋಮನ್ ಬರಹದಲ್ಲಿ. ಈ ದಿನವನ್ನೇ ಏಕೆ ಆರಿಸಿದರೆಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಆದರೆ ಬೆಳಕು ಮರಳುವ ಕಾಲವೂ ಹಬ್ಬವೂ ಜೊತೆಗೂಡಿದ್ದಂತೂ ನಿಜ. ಸೀಸರನ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದವಿದ್ದುದರಿಂದ ಸೂರ್ಯ ಹೊರಳುವ ದಿನ ಹಿಂದೆ ಸರಿಯುತ್ತಾ ಹೋಯಿತು. 1582ರ ತಿದ್ದುಪಡಿಯಿಂದ ಅದು ಡಿಸೆಂಬರ್ 21, 22ರ ಸುಮಾರಿಗೆ ನೆಲೆ ನಿಂತಿತು. ಇಂಗ್ಲೆಂಡ್ ಈ ತಿದ್ದುಪಡಿಯನ್ನು ಒಪ್ಪಿದ್ದು 1752ರಲ್ಲಿ. ಹಬ್ಬ ಮಾತ್ರ 25ರಲ್ಲೇ ಉಳಿಯಿತು.

ನಮ್ಮ ಮಕರ ಸಂಕ್ರಾಂತಿಯ ಕತೆಯೂ ಇಂಥದೇ. ಸುಮಾರು 1700 ವರ್ಷಗಳ ಹಿಂದೆ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ದಿನವೂ ಉತ್ತರಾಯಣದ ಮೊದಲ ದಿನವೂ ಒಂದೇ ಆಗಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ನಮ್ಮ ಸಂಕ್ರಾಂತಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನವಾಗಿತ್ತು. ಈಗ ಅದು 14 ಅಥವಾ 15ಕ್ಕೆ ಬರುತ್ತದೆ. ಹೀಗೆ ಎರಡು ಹಬ್ಬಗಳೂ ಸೂರ್ಯನ ಹಳೆಯ ವಿಳಾಸದಲ್ಲೇ ಇಂದಿಗೂ ಅವನನ್ನು ಎದುರುಗೊಳ್ಳುತ್ತಿವೆ.

ಸಂಕ್ರಾಂತಿಗೆ ಮುಂಚಿನ ಧನುರ್ಮಾಸದ ಕಲ್ಪನೆಯೂ ಇಲ್ಲಿ ಗಮನಾರ್ಹ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ. ದಕ್ಷಿಣಾಯನ ಅವರ ರಾತ್ರಿ, ಉತ್ತರಾಯಣ ಹಗಲು. ಆದ್ದರಿಂದ ಧನುರ್ಮಾಸವೆಂದರೆ ದೇವತೆಗಳ ಬೆಳಗಿನ ಜಾವ. ಹೊಯ್ಸಳ ವೀರ ಸೋಮೇಶ್ವರನ ಕಾಲದ, 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇಗುಲವಿರುವ ಜಾವಗಲ್ಲಿನಂಥ ಊರಿನವರಿಗೆ ನಕ್ಷತ್ರಗಳಿರುವಾಗಲೇ ಎದ್ದು ಪೂಜೆ ಮುಗಿಸುವುದು, ಹುಗ್ಗಿಯ ಪ್ರಸಾದ ಪಡೆಯುವುದು ಹೊಸದೇನಲ್ಲ. ಲಂಡನ್ನಿನ ಬೀದಿಗಳ ದೀಪಾಲಂಕಾರವನ್ನು ಅವರು ಈ ಕಣ್ಣಿನಿಂದ ನೋಡಿದರೆ ಅದು ಬರಿಯ ವ್ಯಾಪಾರದ ಥಳಕಾಗಿ ಕಾಣದು.

ಹಬ್ಬ ರಜೆಯಾದ ಬಗೆ

ಕ್ರಿಸ್‌ಮಸ್ ರಜೆ ಅನಾದಿಯಿಂದ ಬಂದದ್ದೇನೂ ಅಲ್ಲ. 1647ರಲ್ಲಿ ಮಡಿವಂತ ಪ್ಯೂರಿಟನ್ನರ ಕೈಯಲ್ಲಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು ಈ ಹಬ್ಬವನ್ನೇ ರದ್ದು ಮಾಡಿತ್ತು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಹಬ್ಬವೂ ಮರಳಿತು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕತೆಯಲ್ಲಿ ಬಡ ಗುಮಾಸ್ತ ವರ್ಷಕ್ಕೊಂದು ದಿನದ ಈ ರಜೆಯನ್ನೂ ಧಣಿಯ ಗೊಣಗಾಟ ಕೇಳಿಯೇ ಪಡೆಯಬೇಕಾಗುತ್ತದೆ. 1871ರ ಬ್ಯಾಂಕ್ ರಜಾ ಕಾಯ್ದೆಯು ಮರುದಿನ, ಅಂದರೆ ಡಿಸೆಂಬರ್ 26ನ್ನೂ ರಜೆಯಾಗಿಸಿತು. ಅಲಂಕರಿಸಿದ ಮರ ಮನೆಮನೆಗೆ ಹಬ್ಬಿದ್ದು, 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಅಂಥ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಟ್ರಫಾಲ್ಗರ್ ಚೌಕದ ದೊಡ್ಡ ಮರವಂತೂ ಎರಡನೆಯ ಮಹಾಯುದ್ಧದ ನೆರವಿಗೆ ಕೃತಜ್ಞತೆಯಾಗಿ ನಾರ್ವೆಯ ಓಸ್ಲೊ ನಗರ 1947ರಿಂದ ಕಳಿಸುತ್ತಿರುವ ಕಾಣಿಕೆ.

ಕನ್ನಡ ನಾಡಿಗೂ ಈ ನಗರದ ಚಳಿಗಾಲ ಹಳೆಯ ಪರಿಚಯ. ಮೊದಲ ದುಂಡು ಮೇಜಿನ ಪರಿಷತ್ತು 1930ರ ನವೆಂಬರ್ 12ರಂದು ಆರಂಭವಾಗಿ 1931ರ ಜನವರಿ 19ರವರೆಗೆ ನಡೆದಾಗ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅಲ್ಲಿ ಪಾಲ್ಗೊಂಡಿದ್ದರು. ಇಂದು ಹೋಗುವವರಿಗೆ ಥೇಮ್ಸ್ ದಡದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಸಿಗುತ್ತದೆ. ಪಶ್ಚಿಮ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾಭವನದಲ್ಲಿ ಸಂಗೀತ, ನೃತ್ಯಗಳ ಪಾಠ ನಡೆಯುತ್ತದೆ. ಕನ್ನಡದಲ್ಲಿ ನಾಲ್ಕು ಮಾತಾಡುವವರೂ ಸಿಕ್ಕಾರು.

ಹೋಗುವವರು ತಿಳಿದಿರಬೇಕಾದ್ದು

ಹಬ್ಬದ ದಿನ ಊರೆಲ್ಲ ಬೀದಿಯಲ್ಲಿರುತ್ತದೆ ಎಂಬುದು ನಮ್ಮ ಅನುಭವ. ಲಂಡನ್ನಿನಲ್ಲಿ ಇದು ತಿರುಗುಮುರುಗು. ಡಿಸೆಂಬರ್ 25ರಂದು ನೆಲದಡಿಯ ರೈಲೂ ಇಲ್ಲ, ಕೆಂಪು ಬಸ್ಸೂ ಇಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅಂದು ತೆರೆಯಬಾರದೆಂದು 2004ರ ಕಾಯ್ದೆಯೇ ಇದೆ. ಬ್ರಿಟಿಷ್ ಮ್ಯೂಸಿಯಂ 24ರಿಂದ 26ರವರೆಗೆ ಮುಚ್ಚಿರುತ್ತದೆ. ಅಂದು ಹಬ್ಬ ಮನೆಯೊಳಗಿನದು. ಇದು ಗೊತ್ತಿಲ್ಲದೆ ಆ ದಿನ ಊರು ನೋಡಲು ಹೊರಟವರಿಗೆ ಬಿಕೋ ಎನ್ನುವ ರಸ್ತೆಗಳಷ್ಟೇ ಸಿಗುತ್ತವೆ. ಹಾಲು, ತರಕಾರಿ, ಔಷಧಿಗಳನ್ನು ಹಿಂದಿನ ದಿನವೇ ತಂದಿಡಬೇಕು.

ಇನ್ನೊಂದು ಮಾತು ಆರೋಗ್ಯದ್ದು. ಅಲ್ಲಿನ ಚಳಿಗಾಲದ ಎಳೆಬಿಸಿಲಿನಲ್ಲಿ ಚರ್ಮ ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಲಾರದು. ಆದ್ದರಿಂದ ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂನಷ್ಟು ಅದನ್ನು ಸೇವಿಸುವಂತೆ ಬ್ರಿಟನ್ನಿನ ಆರೋಗ್ಯ ಇಲಾಖೆ ತನ್ನ ಜನರಿಗೇ ಸಲಹೆ ಕೊಡುತ್ತದೆ. ಬೆಳಕಿನ ಕೊರತೆಯಿಂದ ಮನಸ್ಸು ಕುಗ್ಗುವುದನ್ನೂ ಅಲ್ಲಿನ ವೈದ್ಯರು ಕಾಯಿಲೆಯಾಗಿ ಗುರುತಿಸುತ್ತಾರೆ.

ಜಾವಗಲ್ಲಿನ ಸುತ್ತ ಡಿಸೆಂಬರ್ ಎಂದರೆ ರಾಗಿ ಕಟಾವು ಮುಗಿದು ಮೆದೆ ಒಟ್ಟುವ ಕಾಲ, ಅವರೆಕಾಯಿಯ ಕಾಲ, ಹಳೇಬೀಡು ಬೇಲೂರಿಗೆ ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಕಾಲ. ದಿನವಿಡೀ ಹೊಲ, ಜಗಲಿ, ಬೀದಿಗಳಲ್ಲಿ ಓಡಾಡಿದವರನ್ನು ಮುಚ್ಚಿದ ಕಿಟಕಿಯ ಮನೆಯಲ್ಲಿ ಕೂರಿಸಿ, ಮಗ ಸೊಸೆ ಕೆಲಸಕ್ಕೆ ಹೊರಟುಬಿಟ್ಟರೆ ಮೂರೂ ಮುಕ್ಕಾಲರ ಸಂಜೆ ಅವರಿಗೆ ಬಹು ಉದ್ದವಾಗುತ್ತದೆ. ಕರೆಸಿಕೊಳ್ಳುವ ಮಕ್ಕಳು ವಿಮಾನದ ಟಿಕೆಟ್ಟಿನ ಜೊತೆಗೆ ಇದನ್ನೂ ಲೆಕ್ಕ ಹಾಕಬೇಕು. ಮಧ್ಯಾಹ್ನದ ಒಂದು ಗಂಟೆಯಾದರೂ ಅವರನ್ನು ಹೊರಗಿನ ಬೆಳಕಿಗೆ ಕರೆದೊಯ್ಯುವುದು ಮ್ಯೂಸಿಯಂ ತೋರಿಸುವುದಕ್ಕಿಂತ ದೊಡ್ಡ ಉಪಚಾರ. ರಜೆ ಮುಗಿದ ಮೇಲಿನ ವಾರಗಳಲ್ಲಿ ಅದು ಇನ್ನೂ ಅಗತ್ಯ.

ಸಂಕ್ರಾಂತಿಯವರೆಗೂ ಅಲ್ಲಿ ಉಳಿದವರಿಗೆ ಒಂದು ಸಮಾಧಾನವಿದೆ. ಜನವರಿ 14ರ ಹೊತ್ತಿಗೆ ಲಂಡನ್ನಿನ ಸೂರ್ಯ ಮುಳುಗುವುದು ನಾಲ್ಕೂಕಾಲು ದಾಟಿದ ಮೇಲೆ. ಡಿಸೆಂಬರಿನ ಆ ಗಿಡ್ಡ ದಿನಕ್ಕಿಂತ ಹಗಲು ಹೆಚ್ಚೂ ಕಡಿಮೆ ಅರ್ಧ ಗಂಟೆ ಬೆಳೆದಿರುತ್ತದೆ. ಊರಿನಿಂದ ತಂದ ಎಳ್ಳು ಬೆಲ್ಲವನ್ನು ಮೊಮ್ಮಕ್ಕಳ ಕೈಗೆ ಹಾಕುತ್ತಾ, ಗಡಿಯಾರವನ್ನೂ ಕಿಟಕಿಯಾಚೆಯ ಬೆಳಕನ್ನೂ ತೋರಿಸಿ ಉತ್ತರಾಯಣವೆಂದರೇನೆಂದು ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಊರು ಸಿಗದು.