ವಾಲ್ವ್ ಎಷ್ಟು ಎತ್ತಬೇಕು? ಟಿಬಿ ಡ್ಯಾಮ್ ಗೇಟ್ ನೋಡಿದವರಿಗೆ ಗೊತ್ತಿರುವ ಲೆಕ್ಕ

ಹೊಸಪೇಟೆಯವರಿಗೆ ಗೇಟಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲ ಬಂತೆಂದರೆ ಟಿಬಿ ಡ್ಯಾಮ್‌ನ 33 ಕ್ರಸ್ಟ್ ಗೇಟ್‌ಗಳಲ್ಲಿ ಎಷ್ಟು ತೆಗೆದರು ಅನ್ನೋದರ ಜೊತೆಗೆ, ಎಷ್ಟು ಅಡಿ ಎತ್ತಿದರು ಅಂತಲೂ ಕೇಳ್ತಾರೆ. ಕಂಪ್ಲಿ ಸೇತುವೆ ಮುಳುಗುತ್ತಾ ಇಲ್ಲವಾ ಅನ್ನೋದು ಅದರ ಮೇಲೇ ನಿಂತಿರುತ್ತೆ. ಕಾರಿನ ಎಂಜಿನ್‌ನ ವಾಲ್ವ್ ಕೂಡ ಒಂದು ಗೇಟೇ. ಆದರೆ ಸಾಮಾನ್ಯ ಎಂಜಿನ್‌ನಲ್ಲಿ ಬೇಡಿಕೆ ಎಷ್ಟೇ ಇರಲಿ, ಅದು ಏಳೋದು ಒಂದೇ ಎತ್ತರಕ್ಕೆ.

ಕಾರಣ ಸರಳ. ವಾಲ್ವನ್ನು ಒತ್ತಿ ತೆರೆಯೋದು ಕ್ಯಾಮ್‌ಶಾಫ್ಟ್ ಮೇಲಿನ ಮೊಟ್ಟೆಯಾಕಾರದ ಉಬ್ಬು. ಉಬ್ಬಿನ ಎತ್ತರ ಬದಲಾಗದಿದ್ದರೆ ವಾಲ್ವ್ ತೆರೆಯುವ ಪ್ರಮಾಣವೂ ಬದಲಾಗಲ್ಲ. ಎಂಜಿನ್ ನಿಮಿಷಕ್ಕೆ 6,000 ಸುತ್ತು ಹೊಡೆಯುವಾಗ ಒಂದೊಂದು ವಾಲ್ವ್ 3,000 ಸಲ ತೆರೆದು ಮುಚ್ಚಬೇಕು. ಅಷ್ಟರಲ್ಲಿ ಸಿಲಿಂಡರ್ ತುಂಬಬೇಕೆಂದರೆ ಬಾಗಿಲು ದೊಡ್ಡದಾಗೇ ತೆರೆಯಬೇಕು. ಹಂಪಿ ರಸ್ತೆಯಲ್ಲಿ ಟೂರಿಸ್ಟ್ ಬಸ್ಸಿನ ಹಿಂದೆ ತೆವಳುವಾಗ ಅದೇ ದೊಡ್ಡ ಬಾಗಿಲು ತೊಡಕು. ಗಾಳಿ ಸೋಮಾರಿಯಾಗಿ ಬರುತ್ತೆ, ಪೆಟ್ರೋಲ್ ಜೊತೆ ಸರಿಯಾಗಿ ಬೆರೆಯಲ್ಲ. ಕಿರಿದಾದ ಸಂದಿಯಾದರೆ ರಭಸವಾಗಿ ನುಗ್ಗಿ ಸುಳಿಯುತ್ತೆ.

ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ತಂದ ವಿಟೆಕ್ ಇದಕ್ಕೊಂದು ಉತ್ತರ. ಒಂದೇ ಶಾಫ್ಟ್ ಮೇಲೆ ಗಿಡ್ಡ ಉಬ್ಬೂ ಇದೆ, ಎತ್ತರದ್ದೂ ಇದೆ. ವೇಗ ಏರಿದಾಗ ಎಂಜಿನ್ ಆಯಿಲ್‌ನ ಒತ್ತಡ ಒಂದು ಸಣ್ಣ ಪಿನ್ ತಳ್ಳುತ್ತೆ. ಪಕ್ಕಪಕ್ಕದ ರಾಕರ್ ಆರ್ಮ್‌ಗಳು ಲಾಕ್ ಆಗಿ ಎತ್ತರದ ಉಬ್ಬು ಹೇಳಿದಂತೆ ಕೇಳುತ್ತವೆ. 2001ರಲ್ಲಿ ಬಂದ ಬಿಎಂಡಬ್ಲ್ಯು ವಾಲ್ವೆಟ್ರಾನಿಕ್ ಇನ್ನೂ ಮುಂದೆ ಹೋಯಿತು. ಅಲ್ಲಿ ಎರಡೇ ಹಂತ ಅಲ್ಲ. ಎಲೆಕ್ಟ್ರಿಕ್ ಮೋಟರ್ ಒಂದು ಮಿಲಿಮೀಟರ್‌ಗಿಂತ ಕಡಿಮೆಯಿಂದ ಹಿಡಿದು ಹತ್ತಿರ ಹತ್ತಿರ 10 ಮಿಲಿಮೀಟರ್‌ವರೆಗೆ ಬೇಕಾದಷ್ಟೇ ಎತ್ತುತ್ತೆ. ಹಾಗಾಗಿ ಗಾಳಿಗೆ ಅಡ್ಡ ನಿಲ್ಲುವ ಥ್ರಾಟಲ್‌ಗೆ ಹೆಚ್ಚು ಕೆಲಸವೇ ಇಲ್ಲ. ಪೆಟ್ರೋಲ್ ಉಳಿಯೋದು ಅಲ್ಲೇ.

ಒಂದು ಗೊಂದಲ ಮಾತ್ರ ಬಿಡಿಸಲೇಬೇಕು. ಬಾನೆಟ್ ಕೆಳಗೆ 'ವಿವಿಟಿ' ಅಂತ ಬರೆದಿದ್ದರೆ ಎತ್ತರವೂ ಬದಲಾಗುತ್ತೆ ಅಂತಲ್ಲ. ಮಾರುತಿಯ ವಿವಿಟಿ, ಟೊಯೋಟಾದ ವಿವಿಟಿ-ಐ ಬದಲಿಸೋದು ವಾಲ್ವ್ ತೆರೆಯುವ ಸಮಯವನ್ನು. ಸೆಕೆಂಡ್‌ಹ್ಯಾಂಡ್ ಕಾರು ಮಾರುವವರು ಎರಡನ್ನೂ ಒಂದೇ ಅಂತ ಹೇಳಿದರೆ ನಂಬಬೇಡಿ.

ಸಂಡೂರಿನ ಕಡೆಯವರು ಆಯಿಲ್ ಬಗ್ಗೆ ಇನ್ನಷ್ಟು ಹುಷಾರಾಗಿರಬೇಕು. ಅದಿರಿನ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಧೂಳು ಒಳಗೆ ಹೋಗಿ ಆಯಿಲ್ ಸೇರುತ್ತೆ. ವಿಟೆಕ್‌ನಂಥ ವ್ಯವಸ್ಥೆಯ ಪಿನ್ ಓಡೋದೇ ಆ ಆಯಿಲ್ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಇಲ್ಲಿ ಅಂಥ ಅನಾಹುತ ಆಗಲ್ಲ. ಪಿನ್ ಕೂಡಿಕೊಳ್ಳದಿದ್ದರೆ ಎಂಜಿನ್ ಗಿಡ್ಡ ಉಬ್ಬಿನಲ್ಲೇ ಓಡುತ್ತೆ, ಮೀಟರಿನಲ್ಲಿ ಹಳದಿ ಲೈಟ್ ಹೊತ್ತುತ್ತೆ. ಆದರೆ ಅದಿರು ಲಾರಿಯನ್ನು ಓವರ್‌ಟೇಕ್ ಮಾಡಲು ಅರ್ಧ ದಾರಿ ಮುಂದೆ ಹೋದ ಮೇಲೆ, ಇರಬೇಕಾದ ಎಳೆತ ಇರಲ್ಲ.