ಹಿಮ್ಮಡಿ ನೋವಿಗೆ ‘ಶಾಕ್‌ವೇವ್’ ಯಾವಾಗ?

“ಡಾಕ್ಟ್ರೇ, ಕಾಲಿಗೆ ಶಾಕ್ ಕೊಡ್ತಾರಂತೆ. ಹೃದಯಕ್ಕೇನೂ ಆಗಲ್ವಾ?”

ಹೀಗೆ ಕೇಳಿದವರು ಒಬ್ಬ ಹೈಸ್ಕೂಲ್ ಶಿಕ್ಷಕಿ. ಎರಡು ತಿಂಗಳಿನಿಂದ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲೂರಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಹಗುರ, ಶಾಲೆ ಬಿಡುವ ಹೊತ್ತಿಗೆ ಮತ್ತೆ ಶುರು. ಅವರ ಕೈಯಲ್ಲೊಂದು ಎಕ್ಸ್‌ರೇ ಇತ್ತು. ‘ಮೂಳೆ ಬೆಳೆದಿದೆ, ಶಾಕ್‌ವೇವ್‌ನಿಂದ ಪುಡಿ ಮಾಡಬೇಕು, ಹತ್ತು ಸಲದ ಹಣ ಮೊದಲೇ ಕಟ್ಟಿ’ ಎಂದು ಒಂದು ಕಡೆ ಹೇಳಿದ್ದರಂತೆ. ಮಗಳ ಕಾಲೇಜು ಫೀಸಿಗೆಂದು ಇಟ್ಟ ಹಣ ತೆಗೆಯುವುದೋ ಬೇಡವೋ ಎಂಬುದು ಅವರ ಚಿಂತೆ.

ಮೊದಲು ಭಯದ ಮಾತು. ಇದು ವಿದ್ಯುತ್ ಶಾಕ್ ಅಲ್ಲ. ಶಬ್ದದಂತೆ ಸಾಗುವ, ಆದರೆ ಬಹಳ ರಭಸದ ಒತ್ತಡದ ಅಲೆ. ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಡೆಯಲು 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಇದನ್ನು ಮೊದಲು ಬಳಸಿದರು. ಮುಂದೆ ಇನ್ನೂ ಕಡಿಮೆ ಶಕ್ತಿಯ ಅಲೆಗಳನ್ನು ಭುಜ, ಮೊಣಕೈ, ಹಿಮ್ಮಡಿಗಳ ಹಳೆಯ ನೋವಿಗೂ ಕೊಡತೊಡಗಿದರು. ಹಿಮ್ಮಡಿ ನೋವಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2000ದಲ್ಲಿ.

ಇನ್ನು ‘ಬೆಳೆದ ಮೂಳೆ’. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಪ್ಲಾಂಟಾರ್ ಫ್ಯಾಸಿಯಾ ಎಂಬ ಗಟ್ಟಿ ಪಟ್ಟಿಯಿದೆ. ನೋವು ಹುಟ್ಟುವುದು ಈ ಪಟ್ಟಿ ಹಿಮ್ಮಡಿಗೆ ಅಂಟಿಕೊಳ್ಳುವ ಜಾಗದಲ್ಲಿ, ಮೇಲಿಂದ ಮೇಲೆ ಜಗ್ಗಿ ಸವೆದಾಗ. ಎಕ್ಸ್‌ರೇಯಲ್ಲಿ ಕಾಣುವ ಮುಳ್ಳಿನಂಥ ಮೂಳೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ಶಾಕ್‌ವೇವ್ ಅದನ್ನು ಪುಡಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಅರ್ಧಕ್ಕೆ ನಿಂತ ದುರಸ್ತಿ ಕೆಲಸವನ್ನು ಅದು ಮತ್ತೆ ಎಬ್ಬಿಸುತ್ತದೆ, ನೋವಿನ ನರಗಳನ್ನು ಮಂಕಾಗಿಸುತ್ತದೆ ಎಂಬುದು ತಜ್ಞರ ವಿವರಣೆ.

ಎರಡು ತಿಂಗಳ ನೋವಿಗೆ ಇದು ಬೇಕೇ? ಬೇಡ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಸರಳ ಉಪಾಯಗಳಿಂದಲೇ ವಾಸಿಯಾಗುತ್ತದೆ. ಬೆಳಿಗ್ಗೆ ಮಂಚ ಇಳಿಯುವ ಮೊದಲೇ ಕಾಲನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು ಹತ್ತು ಎಣಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಯೂರಿ ಮೀನಖಂಡವನ್ನೂ ಎಳೆಯಬೇಕು. ಗ್ರಾನೈಟ್ ನೆಲದ ಮೇಲೆ ಬರಿಗಾಲಿನ ಓಡಾಟ ಬಿಡಬೇಕು. ಮನೆಯೊಳಗೆ ಚಪ್ಪಲಿ ನಮ್ಮಲ್ಲಿ ಹಲವರಿಗೆ ಒಗ್ಗದು, ಒಳಗಿಗೆಂದೇ ಬೇರೆ ಮೆತ್ತನೆಯ ಜೊತೆ ಇಟ್ಟುಕೊಂಡರೆ ಅತ್ತೆಯವರೂ ಬೇಡವೆನ್ನಲಾರರು. ತೂಕ ಹೆಚ್ಚಿದ್ದರೆ ಇಳಿಸಬೇಕು. ಶಿಕ್ಷಕಿ ಇಷ್ಟನ್ನೇ ಮಾಡಿದರು. ಮೂರನೆಯ ತಿಂಗಳಿಗೆ ಬೆಳಗಿನ ನೋವು ಬಹುಪಾಲು ಹೋಗಿತ್ತು, ಫೀಸಿನ ಹಣವೂ ಉಳಿಯಿತು.

ಇದನ್ನೆಲ್ಲ ಆರು ತಿಂಗಳು ಸರಿಯಾಗಿ ಮಾಡಿಯೂ ನೋವು ಜಗ್ಗದವರಿಗೆ ಶಾಕ್‌ವೇವ್ ಪ್ರಯತ್ನಿಸಬಹುದು. ದಿನವಿಡೀ ಒಲೆಯ ಮುಂದೆ ನಿಲ್ಲುವ ಅಡುಗೆ ಭಟ್ಟರೊಬ್ಬರನ್ನು ನಾನೇ ಕಳಿಸಿದ್ದೆ. ಜೆಲ್ ಸವರಿ, ಪಿಸ್ತೂಲಿನಂಥ ಸಾಧನ ಒತ್ತಿ, ಒಂದು ಸಲಕ್ಕೆ ಸುಮಾರು 2000 ಬಡಿತ. ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ಮೂರರಿಂದ ಐದು ವಾರ. ನೋವಾಗುತ್ತದೆ. “ಹಲ್ಲು ಕಚ್ಚಿಕೊಂಡೇ ಕೂತಿದ್ದೆ ಸ್ವಾಮಿ” ಎಂದರು ಭಟ್ಟರು. ಒಂದೆರಡು ದಿನ ಕೆಂಪಾಗಿ ಊದುವುದುಂಟು. ಗುಣ ಕಾಣಲು ಎರಡು-ಮೂರು ತಿಂಗಳು ಹಿಡಿಯಬಹುದು. ಅವರಿಗೆ ಗುಣ ಸಿಕ್ಕಿತು, ಎಲ್ಲರಿಗೂ ಸಿಗುವುದಿಲ್ಲ. ಭುಜದಲ್ಲಿ ಸುಣ್ಣ ಕಟ್ಟಿದ ನೋವಿಗೂ ಇದನ್ನು ಬಳಸುವುದುಂಟು. ‘ಟೆನಿಸ್ ಎಲ್ಬೋ’ ಎಂಬ ಮೊಣಕೈ ನೋವಿಗೆ ಮಾತ್ರ ಹೆಚ್ಚು ಪ್ರಯೋಜನವಿಲ್ಲವೆಂದು 2005ರ ಕೊಕ್ರೇನ್ ಪರಿಶೀಲನೆ ಹೇಳಿದೆ.

ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಆ ಜಾಗದಲ್ಲಿ ಸೋಂಕು ಅಥವಾ ಗಡ್ಡೆ ಇರುವವರಿಗೆ, ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಇದು ಸಲ್ಲದು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ರಾತ್ರಿ ಮಲಗಿದಾಗಲೂ ನೋವು, ಜ್ವರ, ಕಾಲು ಜೋಮು ಹಿಡಿಯುವುದು, ಎರಡೂ ಹಿಮ್ಮಡಿಗಳ ಜೊತೆ ಬೆನ್ನೂ ಬೆಳಿಗ್ಗೆ ಸೆಟೆದುಕೊಳ್ಳುವುದು, ಇವುಗಳಲ್ಲಿ ಯಾವುದಿದ್ದರೂ ಯಂತ್ರದ ಬಳಿ ಹೋಗುವ ಮುಂಚೆ ನಿಮ್ಮ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರೂ ಅಷ್ಟೇ.