ಆಜ್ಞೆ ಮತ್ತು ಡಂಗುರ: ಸರ್ಕಾರದ ಮಾತು ಜನರನ್ನು ತಲುಪಿದ ಬಗೆ

ಆಳುವವರ ಮಾತು ಬರೆಹದಲ್ಲಿ ಹುಟ್ಟಿದರೂ ಅದು ಆಜ್ಞೆಯಾಗುವುದು ಜನರ ಕಿವಿಗೆ ಬಿದ್ದಾಗ. ಕರ್ನಾಟಕದ ಆಡಳಿತ ಚರಿತ್ರೆಯನ್ನು ಶಾಸನ, ಕಡತಗಳ ಮೂಲಕ ವಿಪುಲವಾಗಿ ಅಧ್ಯಯನ ಮಾಡಲಾಗಿದೆ. ಆ ಬರೆಹಕ್ಕೆ ದನಿಯಾದ ಮೌಖಿಕ ವ್ಯವಸ್ಥೆಗೆ ಅಲ್ಲಿ ದೊರೆತ ಸ್ಥಾನ ಮಾತ್ರ ಕಿರಿದು.

ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲೇ ಈ ವ್ಯವಸ್ಥೆಯ ಕುರುಹುಗಳಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆದೇಶ. ಅದು ಮೊದಲು ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ, ಬಳಿಕ ವಿಷಯಕ್ಕೆ ಬರುತ್ತದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ಶಾಸನಗಳು ರಾಜುಕನೆಂಬ ಅಧಿಕಾರಿಗೆ ಅಪ್ಪಣೆ ಕೊಡಬೇಕೆಂದೂ ಅವನು ನಾಡಿನ ಜನರಿಗೆ ಅದನ್ನು ತಿಳಿಸುವನೆಂದೂ ಹೇಳುತ್ತವೆ. ಒಡಿಶಾದ ಧೌಲಿ, ಜೌಗಡಗಳಲ್ಲಿಯೂ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನೇ ಉದ್ದೇಶಿಸಿದವು. ಅವುಗಳನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಸರಿಯೆಂಬುದು ಅಲ್ಲಿನ ವಿಧಿ. ಕಲ್ಲಿನಲ್ಲಿ ಕೊರೆದ ಮೇಲೂ ಮಾತು ಮುಗಿಯುತ್ತಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ರಾಜುಕನಿಂದ ಹಳ್ಳಿಯ ಡಂಗುರದವರೆಗೆ ನೇರ ಪರಂಪರೆಯನ್ನು ಕಲ್ಪಿಸುವುದು ಸಾಧುವಲ್ಲ. ಆದರೆ ಎರಡರ ಹಿಂದಿನ ಅಗತ್ಯ ಒಂದೇ. ಡಂಗುರಕ್ಕೆ ತನ್ನದೇ ಆದ ಮೌಖಿಕ ರಚನೆಯಿದೆ. ಮೊದಲು ತಮಟೆಯ ಪೆಟ್ಟು. ಅನಂತರ ಊರವರನ್ನು ಕರೆಯುವ ಸಂಬೋಧನೆ. ಯಾರ ಅಪ್ಪಣೆಯೆಂಬ ಉಲ್ಲೇಖ. ವಿಷಯ, ದಿನ, ಸ್ಥಳ. ತಪ್ಪಿದರೆ ಒದಗುವ ದಂಡದ ಎಚ್ಚರಿಕೆ. ಕೊನೆಗೆ ಮತ್ತೆ ಪೆಟ್ಟು. ಕಂದಾಯದ ಗಡುವು, ಹರಾಜು, ಲಸಿಕೆಗಳೆಲ್ಲ ಈ ಚೌಕಟ್ಟಿನಲ್ಲಿಯೇ ಊರನ್ನು ತಲುಪಿದವು. ಕಚೇರಿಯ ಬಿಗಿ ಭಾಷೆಯನ್ನು ಕೇರಿಯ ಆಡುಮಾತಿಗೆ ತಿರುಗಿಸಿದ ಸಾರುವವನು ಒಂದರ್ಥದಲ್ಲಿ ಅನುವಾದಕನೂ ಹೌದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಈ ಪದ್ಧತಿಯನ್ನು ಮಾನ್ಯ ಮಾಡಿತು. ಸ್ಥಿರಾಸ್ತಿಯ ಜಪ್ತಿಯ ಆದೇಶವನ್ನು ಆಸ್ತಿಯ ಬಳಿ ಡೋಲು ಬಾರಿಸಿ ಅಥವಾ ರೂಢಿಯ ಬೇರೆ ಕ್ರಮದಿಂದ ಸಾರಬೇಕು, ಪ್ರತಿಯನ್ನೂ ಅಂಟಿಸಬೇಕು ಎನ್ನುತ್ತದೆ ಅದರ 21ನೆಯ ಆದೇಶದ 54ನೆಯ ನಿಯಮ.

ಆದರೆ ಈ ದನಿಯ ಹಿಂದೆ ಜಾತಿವ್ಯವಸ್ಥೆಯ ಭಾರವಿತ್ತು. ಸಾರುವ ಕೆಲಸ ವಂಶಪಾರಂಪರ್ಯವಾಗಿ ತಳವಾರ, ತೋಟಿ ಮೊದಲಾದ ಗ್ರಾಮಸೇವಕರ ಪಾಲಿಗೆ ಬಂದಿತ್ತು. ತಮಟೆ ಬಡಿಯುವುದು ಬಹುಪಾಲು ದಲಿತರ ಹೊಣೆಯಾಗಿತ್ತು. ಸರ್ಕಾರದ ಮಾತನ್ನು ಊರಿಗೆಲ್ಲ ಮುಟ್ಟಿಸಿದವನಿಗೆ ತನ್ನ ಮಾತನ್ನು ಸರ್ಕಾರಕ್ಕೆ ಮುಟ್ಟಿಸುವ ದಾರಿ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಆದರೂ ಜಾತಿಯ ಕಟ್ಟುಪಾಡು ಕಾಯ್ದೆಯೊಂದಿಗೆ ಅಳಿಯಲಿಲ್ಲ. 1970ರ ದಶಕದ ದಲಿತ ಚಳವಳಿ ಇಂತಹ ಬಿಟ್ಟಿಚಾಕರಿಯನ್ನು ಪ್ರಶ್ನಿಸಿತು. ತಮಟೆಯನ್ನು ಹೋರಾಟದ ವಾದ್ಯವನ್ನಾಗಿಯೂ ಮಾಡಿಕೊಂಡಿತು.

2020ರ ಕೊರೋನಾ ದಿನಗಳಲ್ಲಿ, ಮೊಬೈಲು ಮನೆಮನೆಯಲ್ಲಿದ್ದಾಗಲೂ, ರಾಜ್ಯದ ಕೆಲವು ಹಳ್ಳಿಗಳಲ್ಲಿ ಡಂಗುರ ಕೇಳಿಬಂದಿತು. ಸುತ್ತೋಲೆ ಹೊರಟಿತೆಂದರೆ ವಿಷಯ ಮುಟ್ಟಿತೆಂದು ಕಚೇರಿ ಭಾವಿಸುತ್ತದೆ. ಕೇಳಿ ಅರ್ಥವಾದರೆ ಮಾತ್ರ ಮುಟ್ಟಿತೆಂದು ಜನಪದರ ಲೆಕ್ಕ. ಡಂಗುರದಿಂದ ಉಳಿಸಿಕೊಳ್ಳಬೇಕಾದುದು ಜನರ ಮಾತಿನಲ್ಲಿ ಹೇಳುವ ಈ ಹೊಣೆಯನ್ನೇ ಹೊರತು, ಒಂದು ಸಮುದಾಯದ ಹೆಗಲಿಗೆ ಕಟ್ಟಿದ ತಮಟೆಯನ್ನಲ್ಲ.